ಪಂಪಿಗೆ ಜೋರು ಬೇಕು
ಮಹಾಲಿಂಗಪುರದ ಗಾಣಗಳಿಗೆ ಕಬ್ಬು ಸುರಿಯುವ ಟ್ರ್ಯಾಕ್ಟರ್ ಡ್ರೈವರುಗಳೆಲ್ಲ ಹುಟ್ಟು ಕಿವುಡರೆಂದು ಧಾರವಾಡದಲ್ಲಿ ಓದಿ ಬಂದ ಸುನಂದಾಗೆ ಖಾತ್ರಿಯಾಗಿತ್ತು. ಮನೆಯೆದುರಿನ ಗಾಣಕ್ಕೆ ಬರುವ ಗಿರಿಮಲ್ಲಪ್ಪನಂತೂ ಅವರಿಗೆಲ್ಲ ದೊರೆ. ಕಬ್ಬು ಹಿಂದಕ್ಕೆ ಸುರಿಯಲು ಟ್ರಾಲಿ ಎತ್ತುವ ಹೈಡ್ರಾಲಿಕ್ ಪಂಪಿನ ಹಿಡಿ ಎಳೆಯುವ ಮೊದಲು ಎಂಜಿನ್ ರೇಸು ಮಾಡಿ ಓಣಿಯನ್ನೇ ನಡುಗಿಸುವನು, ಹೊಗೆ ಅವಳ ಕೂಸಿನ ತೊಟ್ಟಿಲಿಗೇ ನುಗ್ಗುವುದು, "ಪಂಪಿಗೆ ಜೋರ ಬೇಕ್ರಿ ಅಕ್ಕಾರ" ಎಂದು ಮೀಸೆ ತಿರುವುವನು. "ಸಣ್ಣ ರೇಸಿನಾಗೂ ಟ್ರಾಲಿ ಏಳತೈತಿ, ಡೀಸೆಲ್ಲೂ ಉಳಿತೈತಿ! ಕೂಸು ಬೆಚ್ಚಿ ಬೀಳಾಕತ್ತೈತಿ, ಕಣ್ಣಿಲ್ಲೇನು ನಿಮಗ?" ಎಂದು ಒಂದು ದಿನ ಅವಳು ಕೆರಳಿ ಕೂಗಿದಳು. ಅವನು ರೇಸು ಇಳಿಸಿದ. ಕೆಳಗಿಳಿದು ಟ್ರಾಲಿಯ ಹಿಂದೆ ಎರಡೆರಡು ಸಲ ನೋಡಿ ಬಂದು ಹಿಡಿ ಎಳೆದ. ಟ್ರಾಲಿ ಸದ್ದಿಲ್ಲದೆ ಎದ್ದಿತು. "ಏಳತೈತಿ, ಗೊತ್ತೈತ್ರಿ. ಸಪ್ಪಳಿಲ್ಲಂದ್ರ ಹುಡುಗ್ರು ಹಿಂದ ಬಂದು ನಿಲ್ಲತಾವು. ನನ್ನ ಮಗಳೂ ಹಂಗ ನಿಂತಿದ್ಲು." ಮರುದಿನ ಎಂಜಿನ್ ಮೊದಲಿನಂತೆಯೇ ಅಬ್ಬರಿಸಿತು, ಸುನಂದಾ ಕೂಸಿನ ಕಿವಿ ಮುಚ್ಚಿ ಎತ್ತಿಕೊಂಡು, ಆದರೂ ಟ್ರಾಲಿಯ ಹಿಂದೆ ಉಳಿದಿದ್ದ ಹುಡುಗರನ್ನು ತಾನೇ ಗದರಿಸಿ ಅಟ್ಟಿದಳು.