ಬೇಕೆಂದೇ ಹರಿದ ಎಳೆ

ಮಕ್ಕಳೇ, ನಿಮ್ಮ ಅವ್ವ ರಬಕವಿಯ ನಮ್ಮ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವುದು ನಿಮಗೆ ಗೊತ್ತು. ಅದು ಏನು ಕೆಲಸ ಎಂದು ನಾನು ಬಹಳ ದಿನ ಕೇಳಿರಲಿಲ್ಲ. ಚಿಮ್ಮಡದ ಸಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತವಳು ನಾನು. ಸೊಸೆ ನಕ್ಕಾಳು ಎಂಬ ಸಂಕೋಚ. ಒಂದು ಮಧ್ಯಾಹ್ನ ಅವಳು ಊಟಕ್ಕೆ ಏಳದಿದ್ದಾಗ ಧೈರ್ಯ ಮಾಡಿ ಕೇಳಿದೆ. ನಗಲಿಲ್ಲ, ಹೇಳಿದಳು.

ಅವಳ ಕಂಪನಿಯಲ್ಲಿ ಒಂದೊಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಾನಿನ ಸಮೇತ ಒಂದೊಂದು ಡಬ್ಬಿಯಲ್ಲಿ ಇಟ್ಟಂತೆ ಇಡುತ್ತಾರಂತೆ. ಅದಕ್ಕೆ ಕಂಟೇನರ್ ಎನ್ನುತ್ತಾರೆ. ಯಾವ ಡಬ್ಬಿ ಯಾವ ಕಂಪ್ಯೂಟರ್ ಯಂತ್ರದ ಮೇಲೆ ನಡೆಯಬೇಕು, ಯಂತ್ರ ಕೆಟ್ಟರೆ ಡಬ್ಬಿಯನ್ನು ಎಲ್ಲಿಗೆ ಒಯ್ಯಬೇಕು ಎಂದು ನೋಡಿಕೊಳ್ಳಲು ಒಂದು ದೊಡ್ಡ ಪ್ರೋಗ್ರಾಂ ಇದೆ. ಹತ್ತಾರು ಜನ ಬರೆದು ಗೋಜಲಾಗಿದ್ದ ಅದರ ಒಂದು ಭಾಗವನ್ನು ಬಿಡಿಸಿ ಚೊಕ್ಕ ಮಾಡುವ ಕೆಲಸ ಇವಳಿಗೆ ಬಂದಿತ್ತು. ನಿಮ್ಮಲ್ಲಿ ಚಿಕ್ಕವಳನ್ನು ಹೆತ್ತು ಕೆಲಸಕ್ಕೆ ಮರಳಿದ ಮೇಲೆ ಇದೇ ಮೊದಲ ದೊಡ್ಡ ಕೆಲಸ. ಮರುದಿನ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಇಂಥದ್ದನ್ನು ತನಗೆ ಕೊಡುವುದಿಲ್ಲ ಎಂಬ ಭಯ ಅವಳಿಗೆ.

"ಅದು ಬರೋಬ್ಬರಿ ನಡೀತೇತೋ ಇಲ್ಲೋ ನೋಡಾಕ ಟೆಸ್ಟ್ ಬರದೇನ್ರಿ ಅತ್ತಿ," ಎಂದು ಪರದೆ ತೋರಿಸಿದಳು. "ಒಂದು ಸಾಲೂ ಬಿಡದಂಗ ಟೆಸ್ಟ್ ಹಾದು ಹೋಗೇತಿ. ನೋಡ್ರಿ, ಎಲ್ಲಾ ಹಸರ, ತಪ್ಪಿದ್ರ ಕೆಂಪ ಬರ್ತಿತ್ತು. ಆದ್ರೂ ಎದಿ ಡವಡವ ಅನ್ನಾಕತ್ತೇತಿ."

"ಒಂದು ಎಳಿ ಹರದು ನೋಡಿದೇನಬೇ?" ಎಂದುಬಿಟ್ಟೆ.

"ಅಯ್ಯ, ಬರೋಬ್ಬರಿ ಇದ್ದದ್ದನ್ನ ಯಾಕ ಹರೀಬೇಕ್ರಿ?"

ಹೇಳಬೇಕಾಯಿತು. ನಮ್ಮ ನೇಕಾರರ ಮನೆಗಳಲ್ಲಿ ಮಗ್ಗದ ಮೇಲೆ ಹಳೆಯ ಹಾಸು, ಎಂದರೆ ಉದ್ದಕ್ಕೆ ಹಾಸಿದ ನೂಲು, ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತೇವೆ. ಆಮೇಲೆ ಇನ್ನೊಬ್ಬರು ಕೈಯಾಡಿಸಿ ಪರೀಕ್ಷಿಸಬೇಕು. ನೋಡುವವರು ಖರೇನೇ ನೋಡುತ್ತಾರೋ ಇಲ್ಲವೋ ತಿಳಿಯಲೆಂದು, ಅದಕ್ಕೂ ಮೊದಲೇ ನನ್ನ ಅತ್ತೆ ಯಾರಿಗೂ ಕಾಣದಂತೆ ಒಂದು ಎಳೆ ಹರಿದಿಡುತ್ತಿದ್ದರು. ಹೊಸದಾಗಿ ಬಂದಿದ್ದ ನಾನು ಕೈಯಾಡಿಸಿ, "ಎಲ್ಲಾ ಬರೋಬ್ಬರಿ ಅದಾವ್ರಿ," ಎಂದೆ.

"ಕೈ ಇಲ್ಲೇತಿ. ಕಣ್ಣು ತವರಮನ್ಯಾಗ ಬಿಟ್ಟು ಬಂದೀಯೇನ?" ಎಂದರು. ಎಲ್ಲವನ್ನೂ ಮೊದಲಿನಿಂದ ನೋಡಿಸಿದರು.

ಸೊಸೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಕೆಟ್ಟ ಯಂತ್ರದಿಂದ ಡಬ್ಬಿಯನ್ನು ಬೇರೆಡೆಗೆ ಒಯ್ಯುವ ಸಾಲನ್ನೇ ಅಳಿಸಿ ಟೆಸ್ಟ್ ಓಡಿಸಿದಳು. ಆಗಲೂ ಎಲ್ಲ ಹಸಿರೇ. ತಪ್ಪು ಹಿಡಿದು ಕೆಂಪಾಗಬೇಕಿತ್ತು.

"ಅತ್ತಿ, ಇವು ಬರೇ ಮ್ಯಾಲಿಂದ ಹಾದು ಹೋಗ್ಯಾವ್ರಿ. ಡಬ್ಬಿ ಖರೆನ ಹೋಗಿ ಮುಟ್ಟಿತೋ ಇಲ್ಲೋ, ಒಂದೂ ಕೇಳಿಲ್ಲ."

ಅಳಿಸಿದ ಸಾಲನ್ನು ಮತ್ತೆ ಹಾಕಿ, ಅದನ್ನೇ ಕೇಳುವ ಹೊಸ ಟೆಸ್ಟ್ ಬರೆದಳು. ನಾನು ರೊಟ್ಟಿ, ಝುಣಕ ಅಲ್ಲಿಗೇ ಒಯ್ದು ಕೊಟ್ಟೆ. ಟೆಸ್ಟ್ ಓಡಿಸಿದರೆ ಕೆಂಪು! ಗೋಜಲು ಬಿಡಿಸುವಾಗ ಎರಡು ಕೆಲಸ ಹಿಂದುಮುಂದಾಗಿದ್ದವು. ಪ್ರೋಗ್ರಾಂ ಕೆಟ್ಟ ಯಂತ್ರದ ಹೆಸರನ್ನು ಪಟ್ಟಿಯಿಂದ ಮೊದಲೇ ತೆಗೆದುಹಾಕಿ, ಆಮೇಲೆ ಅದರ ಮೇಲಿನ ಡಬ್ಬಿಗಳನ್ನು ಹುಡುಕುತ್ತಿತ್ತು. ಹೆಸರೇ ಇಲ್ಲದ ಮೇಲೆ ಡಬ್ಬಿ ಎಲ್ಲಿ ಸಿಗಬೇಕು?

ಸಂಜೆಯ ಹೊತ್ತಿಗೆ ಸರಿಪಡಿಸಿದಳು. ಮರುದಿನ ಕಂಪನಿಯವರೊಂದಿಗೆ ಮಾತು ಮುಗಿಸಿ ಅಡುಗೆಮನೆಗೆ ಬಂದಳು.

"ಆತ್ರಿ ಅತ್ತಿ. ಒಪ್ಕೊಂಡ್ರು. ಉಳಿದ ಭಾಗಾನೂ ನನಗ ಕೊಟ್ಟಾರ."

ನಾನು ಚಹಾಕ್ಕಿಟ್ಟೆ. ಅವಳು ಗೋಡೆಗೆ ಒರಗಿ ಕಾಲು ಚಾಚಿದಳು. ಚಹಾ ಕುದಿಯುವಷ್ಟರಲ್ಲಿ ಅವಳಿಗೆ ಅಲ್ಲೇ ನಿದ್ದೆ ಹತ್ತಿತ್ತು. ನಾನು ಎಬ್ಬಿಸಲಿಲ್ಲ.