ಸ್ಪ್ಯಾನರಕ್ಕ ಬಡಿದ ಮೇಲೇ ಒಲೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಸದ ಗುಡ್ಡದ ಅಂಚಿನಲ್ಲಿ ಹೆಂಗಸೊಬ್ಬರು ಮೊಣಕಾಲೂರಿ ಕೂತು, ನೆಲದಿಂದ ಮೇಲೆದ್ದಿರುವ ಪೈಪಿಗೆ ಮೀಟರಿನ ರಬ್ಬರ್ ನಳಿಗೆ ಸಿಕ್ಕಿಸುತ್ತಿದ್ದಾರೆ. ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ಮುಂದಿನ ಪೈಪಿಗೆ ನಡೆಯುತ್ತಾರೆ. ಬೇಲಿಯಾಚೆ ಒಂದು ಸಾಲು ಮನೆಗಳು. ಬಾಗಿಲು, ಕಿಟಕಿ ಎಲ್ಲ ಹಾರು ಹೊಡೆದಿವೆ, ಆದರೆ ಒಂದು ಮನೆಯಲ್ಲೂ ಒಲೆ ಹೊತ್ತಿಲ್ಲ. ಹೊಸ್ತಿಲ ಮೇಲೆ ಒಬ್ಬರು ಹಚ್ಚದ ಸಿಗರೇಟನ್ನು ತುಟಿಗಿಟ್ಟುಕೊಂಡು ಕಾಯುತ್ತಿದ್ದಾರೆ.

ಕೊನೆಯ ಪೈಪು ಮುಗಿಯುತ್ತದೆ. ಆಕೆ ಎದ್ದು ಬೇಲಿಯ ಕಬ್ಬಿಣದ ಕಂಬಕ್ಕೆ ಸ್ಪ್ಯಾನರಿನಿಂದ ಟಣ್ ಟಣ್ ಎಂದು ಬಡಿದು, ಗಂಟಲು ಹರಿಯುವ ಹಾಗೆ ಕೂಗುತ್ತಾರೆ: "ನಾನೇ!"

ಆಗ ಒಲೆಗಳು ಹೊತ್ತುತ್ತವೆ. ಸಿಗರೇಟೂ ಹೊತ್ತುತ್ತದೆ. "ಎಷ್ಟೊತ್ತು ಮಾರಾಯ್ತಿ, ಟೀ ಇಲ್ದೆ ನನ್ನ ಜೀವ ಹೋಗ್ತಿತ್ತು" ಎಂದು ರೇಗಿಸುವವರು ಆಕೆಯ ಅಕ್ಕನ ಗಂಡ. "ಬೇಗ ಬಡಿದಿದ್ರೆ ನಿಜವಾಗ್ಲೂ ಹೋಗ್ತಿತ್ತು ಭಾವ" ಎಂದು ಈಕೆ ನಗುತ್ತಾರೆ. ಬೀದಿಯವರಿಗೆಲ್ಲ ಈಕೆ ಸ್ಪ್ಯಾನರಕ್ಕ. ನಗರಸಭೆಯವರಿಗೆ ಈಕೆ ಯಾರೂ ಅಲ್ಲ.

ಹೂತ ಕಸ ಕೊಳೆತರೆ ಗ್ಯಾಸ್ ಹುಟ್ಟುತ್ತದೆ, ಒಲೆಯಲ್ಲಿ ಉರಿಯುವಂಥದ್ದೇ. ಮೇಲೆ ದಾರಿ ಸಿಗದಿದ್ದರೆ ಮಣ್ಣಿನೊಳಗೇ ಪಕ್ಕಕ್ಕೆ ನುಗ್ಗಿ, ಮನೆಗಳ ನೆಲದ ಬಿರುಕಿನಲ್ಲಿ ಏಳುತ್ತದೆ. ಅದಕ್ಕೇ ಗುಡ್ಡದ ತುಂಬ ಪೈಪು ಇಳಿಸಿ, ಯಂತ್ರದಿಂದ ಎಳೆದು, ಚಿಮಣಿಯಲ್ಲಿ ಸುಡುತ್ತಾರೆ. ನಡುಗುಡ್ಡದ ಪೈಪುಗಳಲ್ಲಿ ಬರುವುದು ಗಟ್ಟಿ ಗ್ಯಾಸ್. ಅಂಚಿನ ಪೈಪುಗಳಲ್ಲಿ ಬರುವುದು ಗಾಳಿ ಬೆರೆತ ತೆಳು ಗ್ಯಾಸ್. ಮಾರಿದರೆ ಅದಕ್ಕೆ ಬೆಲೆ ಕಡಿಮೆ, ಆದರೆ ಸಾಲುಮನೆಗಳನ್ನು ಕಾಯುತ್ತಿರುವುದು ಅದನ್ನು ಎಳೆಯುವ ಆ ಪೈಪುಗಳೇ. ಅವು ಸರಿಯಾಗಿ ಎಳೆಯುತ್ತಿವೆಯೇ ಎಂದು ಬೆಳಿಗ್ಗೆ ಮೀಟರ್ ಹಿಡಿದು ನೋಡಿದ ಮೇಲೇ ಸ್ಪ್ಯಾನರಕ್ಕ ಕಂಬಕ್ಕೆ ಬಡಿಯುವುದು.

ಸ್ಪ್ಯಾನರಕ್ಕ ಮೊದಲು ಇದೇ ಗುಡ್ಡದ ಮೇಲೆ ಪ್ಲಾಸ್ಟಿಕ್ ಆಯುತ್ತಿದ್ದರು. ಪೈಪು ಹಾಕುವಾಗ ಕೂಲಿಗೆ ಹೋದರು. ನಗರಸಭೆಯ ಎಂಜಿನಿಯರ್ ಮೀಟರ್ ಹಿಡಿಯುವುದನ್ನು ಕಲಿಸಿದರು. ಇವತ್ತಿಗೂ ಕೆಲಸ ಕಾಯಂ ಆಗಿಲ್ಲ. ಕೆಮ್ಮು ಮಾತ್ರ ಕಾಯಂ ಆಗಿದೆ. "ಪೈಪಲ್ಲಿ ನಿಂತ ನೀರು ಬಸಿಯೋವಾಗ ಮೈಮೇಲೆ ಸಿಡಿಯುತ್ತೆ ಸಾರ್. ಏನು ಸೋಪು ಹಾಕಿದ್ರೂ ಆ ನಾತ ಹೋಗಲ್ಲ. ಒಂದು ಲಾಭ ಏನಂದ್ರೆ, ಬಸ್ಸಲ್ಲಿ ಪಕ್ಕದ ಸೀಟೂ ನಂದೇ!"

ಈಗ ನಗರಸಭೆಗೆ ಈ ಗ್ಯಾಸ್ ಮಾರುವ ಆಸೆ ಬಂದಿದೆ. ಮಾರಲಿ, ಒಳ್ಳೆಯದೇ. ಕೊಳ್ಳಲು ಇಬ್ಬರು ಬಂದಿದ್ದಾರೆ. ಒಂದು ಕಂಪನಿ ಬಂದ ಗ್ಯಾಸನ್ನೆಲ್ಲ ಬಂದ ಹಾಗೆ ಒಯ್ದು ಕರೆಂಟು ಮಾಡುತ್ತದೆ. ಇನ್ನೊಂದು ಹೆಚ್ಚು ಹಣ ಕೊಡುತ್ತದೆ, ಆದರೆ ಅದಕ್ಕೆ ಗಟ್ಟಿ ಗ್ಯಾಸ್ ಮಾತ್ರ ಬೇಕು. ಅಂದರೆ ಅಂಚಿನ ಪೈಪುಗಳನ್ನು ಮುಚ್ಚಬೇಕು. ನಗರಸಭೆ ಎರಡನೆಯದರ ಕಡೆಗೇ ವಾಲಿದೆ.

ಪಾಪ, ಗೊತ್ತಿಲ್ಲದೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಮುಚ್ಚಿದರೆ ಏನಾಗುತ್ತದೆಂದು ಎಂಜಿನಿಯರ್ ಸಭೆಯಲ್ಲೇ ಬಿಡಿಸಿ ಹೇಳಿದ್ದಾರೆ. ಎಲ್ಲರೂ ತಲೆಯಾಡಿಸಿ ಬಿಸ್ಕತ್ತು ತಿಂದಿದ್ದಾರೆ. ಹೊಟ್ಟೆ ಉರಿಯುವುದು ಅದಕ್ಕೇ. ನಗರಸಭೆಯ ಅಧ್ಯಕ್ಷರನ್ನು ಕೇಳಿದೆ. "ಊರಿನ ಆದಾಯ ನೋಡ್ಬೇಕಲ್ರೀ" ಅಂದರು. ಸಾಲುಮನೆಯವರು ಊರಿನವರಲ್ಲವೇ ಅಂದೆ. ಅವರಿಗೆ ಆಗಲೇ ಫೋನ್ ನೋಡುವ ತುರ್ತು ಬಂತು.

ಹೋದ ತಿಂಗಳು ಆ ಎರಡನೆಯ ಕಂಪನಿಗೆ ಪರೀಕ್ಷೆ ಮಾಡಲು ಬಿಟ್ಟರು. ಸ್ಪ್ಯಾನರಕ್ಕನಿಗೆ ರಜೆ ತಗೋ ಅಂದರು. ಯಾಕೆಂದು ಹೇಳಲಿಲ್ಲ. ಆಕೆ ಬಸ್ಸು ಹಿಡಿದು ಊರಿನ ಇನ್ನೊಂದು ತುದಿಯ ತಮ್ಮ ಮನೆಗೆ ಹೋದರು. ಸಂಜೆಯೇ ಅಂಚಿನ ಪೈಪುಗಳನ್ನೆಲ್ಲ ಮುಚ್ಚಿದರು. ಬೀದಿಯವರಿಗೂ ಒಂದು ಮಾತು ತಿಳಿಸಲಿಲ್ಲ. ಬೆಳಿಗ್ಗೆ ಕಂಪನಿಯ ಕೆಲಸಗಾರನೊಬ್ಬ ಬೇಲಿಯ ಕಂಬಕ್ಕೆ ಬಿಗಿದಿದ್ದ ತನ್ನ ಯಂತ್ರ ಬಿಚ್ಚಲು ಹೋದ. ನಟ್ಟು ತುಕ್ಕು ಹಿಡಿದಿತ್ತು. ಸ್ಪ್ಯಾನರಿನಿಂದ ಬಡಿದ.

ಟಣ್ ಟಣ್.

ಬೀದಿ ಕೇಳಿಸಿಕೊಂಡಿತು.

"ಶಬ್ದ ಬಂತು, ಇವಳೇ ಅಂದ್ಕೊಂಡೆ. ಕಡ್ಡಿ ಗೀರಿದೆ" ಎನ್ನುತ್ತಾರೆ ಸ್ಪ್ಯಾನರಕ್ಕನ ಅಕ್ಕ. "ನೀಲಿ ಬೆಂಕಿ ನೆಲದ ಮೇಲೇ ಓಡಿ ಬಂತಪ್ಪಾ." ಅವರ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ತುತ್ತು ಬಾಯಿಗೆ ಹೋಗಬೇಕಾದರೆ ಗಂಡ ತಿನ್ನಿಸಬೇಕು.

ಕಂಪನಿಯ ವರದಿಯಲ್ಲಿ ಈ ಕೈಗಳ ಸುದ್ದಿಯೇ ಇಲ್ಲ. ಗ್ಯಾಸ್ ಉತ್ತಮ ಗುಣಮಟ್ಟದ್ದು, ಪರೀಕ್ಷೆ ಯಶಸ್ವಿ, ಅಷ್ಟೆ. ಯಶಸ್ವಿಯಂತೆ! ನಾಚಿಕೆ ಅನ್ನುವುದು ಬೇಡವೇ?

"ಬಡಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ ಸಾರ್" ಎನ್ನುತ್ತಾರೆ ಸ್ಪ್ಯಾನರಕ್ಕ. "ನಟ್ಟು ಬಿಚ್ಚಲಿಲ್ಲ, ಬಡಿದ. ನಾನೂ ಹಾಗೇ ಬಡೀತಿದ್ದೆ. ಅವತ್ತು ನನ್ನನ್ನ ಮನೇಲಿ ಕೂರಿಸಿದ್ರಲ್ಲ, ಅವರನ್ನ ಮಾತ್ರ ಬಿಡಲ್ಲ." ಅಂದಿನಿಂದ ಬಡಿದ ಮೇಲೆ "ನಾನೇ" ಎಂದು ಕೂಗುತ್ತಾರೆ. ಆ ದನಿ ಕೇಳದೆ ಬೀದಿಯಲ್ಲಿ ಯಾರೂ ಕಡ್ಡಿ ಮುಟ್ಟುವುದಿಲ್ಲ.

ಯಾರಿಗೆ ಮಾರಬೇಕೆಂದು ಮುಂದಿನ ವಾರ ಸಭೆಯಲ್ಲಿ ತೀರ್ಮಾನವಾಗುತ್ತದೆ. ಸಭಾಂಗಣಕ್ಕೆ ಹೊಸ ಕುರ್ಚಿಗಳು ಬಂದಿವೆ. ನಾವು ಕೂತಿರುವುದು ಅಕ್ಕನ ಅಡುಗೆಮನೆಯಲ್ಲಿ. ಗೋಡೆ ಸೊಂಟದೆತ್ತರಕ್ಕೆ ಕಪ್ಪಾಗಿದೆ. ನೆಲದ ಬಿರುಕಿಗೆ ಮೆತ್ತಿದ ಸಿಮೆಂಟು ಆಗಲೇ ಮತ್ತೆ ಬಾಯಿ ಬಿಟ್ಟಿದೆ. ಏನು ಆಸೆ ನಿಮಗೆ ಎಂದು ಕೇಳುತ್ತೇನೆ. ಸ್ಪ್ಯಾನರಕ್ಕ ಅಕ್ಕನ ಕೈ ಕಡೆ ನೋಡುತ್ತಾರೆ.

"ನಂದೇನು ದೊಡ್ಡ ಆಸೆ ಸಾರ್. ಸನ್ಮಾನ ಗಿನ್ಮಾನ ಬೇಡ. ಆ ಸಭೆ ಇಲ್ಲಿ ಮಾಡ್ಲಿ, ಈ ಅಡುಗೆಮನೇಲಿ. ಹಿಂದಿನ ದಿನವೇ ಅಂಚಿನ ಪೈಪೆಲ್ಲ ಮುಚ್ಚಿಸ್ಲಿ, ಕಿಟಕೀನೂ ಮುಚ್ಚಿಸ್ಲಿ. ಬಂದೋರಿಗೆ ಟೀ ನಮ್ಮದೇ. ನೀರು ನಾನಿಡ್ತೀನಿ, ಸಕ್ಕರೆ ನಾನು ಹಾಕ್ತೀನಿ. ಕಡ್ಡಿ ಮಾತ್ರ ಅಧ್ಯಕ್ಷರೇ ಗೀರ್ಬೇಕು."