ಚಿಕ್ಕಮ್ಮನ ಹೆಸರು

ಉಪ್ಪಾರಹಳ್ಳಿಯ ನಮ್ಮ ಮನೆಯ ಬೀರು ತೆಗೆದರೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯುತ್ತದೆ. ಮೊನ್ನೆ ಮಗಳ ಜಾತಿ ಸರ್ಟಿಫಿಕೇಟಿಗೆ ವಂಶವೃಕ್ಷ ಬೇಕೆಂದರು. ಹುಡುಕಿದರೆ ಹಳೆಯದೇ ಸಿಕ್ಕಿತು. ಕಾಗದಪತ್ರ ಜೋಪಾನ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ನೋಡಿ. ಮಾಡಿದ ಪಾಪವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ಮೇಲೆ ಅಪ್ಪ, ಪಕ್ಕದಲ್ಲಿ ದಿವಂಗತಳಾದ ಅಮ್ಮ, ಕೆಳಗೆ ನಾನೊಬ್ಬ. ಚಿಕ್ಕಮ್ಮನ ಹೆಸರಿಲ್ಲ.

ಅಮ್ಮ ತೀರಿಕೊಂಡ ಮರುವರ್ಷ ಹುತ್ರಿದುರ್ಗದ ಒಂದು ಗುಡಿಯಲ್ಲಿ ಅಪ್ಪ ಅವಳಿಗೆ ತಾಳಿ ಕಟ್ಟಿದರು. ಫೋಟೊ ಇಲ್ಲ, ಲಗ್ನಪತ್ರಿಕೆ ಇಲ್ಲ. ತಾಳಿಯ ತಟ್ಟೆ ಹಿಡಿದವನು ಒಂಬತ್ತು ವರ್ಷದ ನಾನು. ಗುಬ್ಬಿಯ ಮನೆಗೆ ಬಂದವಳೇ ನನ್ನ ತಲೆಗೆ ಹರಳೆಣ್ಣೆ ಬಳಿದು, ಕಣ್ಣುರಿಯುವ ಹಾಗೆ ಸೀಗೇಕಾಯಿ ತಿಕ್ಕಿದಳು. ಬೊಬ್ಬೆ ಹೊಡೆದರೆ, "ಸುಮ್ಕಿರ್ಲಾ, ನಿಮ್ಮಮ್ಮ ಮೇಲಿಂದ ನೋಡ್ತಾವ್ಳೆ" ಅನ್ನುತ್ತಿದ್ದಳು. ಅವಳ ಬಸ್ಸಾರಿನ ರುಚಿ ಆಮೇಲೆ ಎಲ್ಲೂ ಸಿಕ್ಕಿಲ್ಲ. ನನ್ನ ಹೆಂಡತಿ ಇದನ್ನು ಓದದಿದ್ದರೆ ಸಾಕು. ಚಿಕ್ಕಮ್ಮನಿಗೆ ಮಕ್ಕಳಾಗಲಿಲ್ಲ. ಯಾರಾದರೂ ಕೆದಕಿದರೆ ನನ್ನ ಕಡೆ ಕೈ ತೋರಿಸಿ, "ಇವ್ನಿಲ್ವಾ, ಬುಡಿ" ಎನ್ನುವಳು.

ತೊಂಬತ್ತರ ದಶಕದ ಕೊನೆಗೆ ಅಪ್ಪ ಹೋದರು. ಗುಬ್ಬಿಯದು ಅವರ ಸ್ವಂತ ದುಡಿಮೆಯ ಮನೆ. ಕಾನೂನಿನಂತೆ ಹೆಂಡತಿಗೂ ಮಗನಿಗೂ ಸಮಪಾಲು. ನಾನು ಕೆಲಸಕ್ಕಿದ್ದ ಹಿರೇಹಳ್ಳಿ ಫ್ಯಾಕ್ಟರಿಯ ಗೆಳೆಯನೊಬ್ಬ, "ಆಯಮ್ಮನ ಹೆಸ್ರು ಸೇರ್ಸಿದ್ರೆ ನಾಳೆ ಅವ್ರಣ್ಣ ಬಂದು ಕೂತ್ಕೋತಾನೆ ಕಣೋ. ಮದ್ವೆಗೆ ಸಾಕ್ಷಿ ಏನೈತೆ?" ಅಂದ. ಆ ಮಾತು ನನಗೆ ಹಿತವಾಗಿ ಕೇಳಿಸಿತು. ನಾನೊಬ್ಬನೇ ವಾರಸುದಾರನೆಂದು ವಂಶವೃಕ್ಷಕ್ಕೆ ಅಫಿಡವಿಟ್ ಮಾಡಿಸಿದೆ.

ಗ್ರಾಮ ಲೆಕ್ಕಿಗರು ನೆರೆಯವರನ್ನು ಸೇರಿಸಿ ಮಹಜರು ಬರೆದದ್ದು ನಮ್ಮ ಜಗಲಿಯಲ್ಲೇ. ರುಜು ಹಾಕಿದವರಿಗೆಲ್ಲ ಉಪ್ಪಿಟ್ಟು, ಕಾಫಿ ಕೊಟ್ಟವಳು ಚಿಕ್ಕಮ್ಮನೇ. ಅವಳು ಒಳಗೆ ಹೋದ ಮೇಲೆ ಲೆಕ್ಕಿಗರು, "ಈಯಮ್ಮ ಯಾರು?" ಎಂದರು. "ನಮ್ ಕಡೆಯವ್ರು" ಎಂದೆ. ನೆರೆಯವರು ಲೋಟದೊಳಗೆ ನೋಡುತ್ತ ಕೂತರು. ಎಲ್ಲರೂ ಹೋದ ಮೇಲೆ ಅವಳು ಕೇಳಿದಳು: "ನನ್ನೆಸ್ರೂ ಬರ್ಕೊಂಡ್ರೇನಪ್ಪ?"

"ಹೂಂ ಚಿಕ್ಕಮ್ಮ."

ಎರಡು ವರ್ಷದ ಮೇಲೆ ಆ ಮನೆ ಮಾರಲು ಹೊರಟೆ. ಬ್ರೋಕರ್ ಕಾಗದಗಳನ್ನು ಗಟ್ಟಿಯಾಗಿ ಓದಿದ. ಬಾಗಿಲ ಹಿಂದೆ ನಿಂತಿದ್ದ ಅವಳು ಎಲ್ಲ ಕೇಳಿಸಿಕೊಂಡಳು. ಅವಳು ಬೈಯಬಾರದಿತ್ತೇ? ಬೈಯಲಿಲ್ಲ. "ಮನೆಯೇನ್ ಹೊತ್ಕೊಂಡ್ ಹೋಗ್ತೀನಾ? ನಿಮ್ಮಪ್ಪನ ಹೆಂಡ್ತಿ ಅಂತ ಒಂದ್ ಕಡೆ ಬರ್ದಿರ್ಲಿ ಅಂತಿತ್ತು ಕಣಪ್ಪ" ಎಂದಳು. ಒಂದು ಚೀಲ ಹಿಡಿದು ಹುತ್ರಿದುರ್ಗದ ಅಣ್ಣನ ಮನೆಗೆ ಹೋದಳು. ಒಮ್ಮೆ ಕರೆಯಲು ಹೋದೆ. ಮುದ್ದೆ ಇಕ್ಕಿದಳು, ಬರಲಿಲ್ಲ. ಅಲ್ಲೇ ತೀರಿಕೊಂಡಳು. ಥೂ, ನನ್ನ ಜನ್ಮಕ್ಕಿಷ್ಟು.

ಮೊನ್ನೆ ಆ ಹಳೇ ಕಾಗದ ಹಿಡಿದು ಗುಬ್ಬಿಗೆ ಹೋದೆ. ಹೊಸ ವಂಶವೃಕ್ಷದಲ್ಲಿ ಚಿಕ್ಕಮ್ಮನ ಹೆಸರು ಸೇರಿಸಿ ಎಂದು ಈಗಿನ ಲೆಕ್ಕಿಗರನ್ನು ಕೇಳಿಕೊಂಡೆ.

"ಮದ್ವೆಗೆ ಸಾಕ್ಷಿ ಯಾರಿದಾರೆ ಸಾರ್?"

"ನಾನಿದೀನಿ. ತಾಳಿ ತಟ್ಟೆ ಹಿಡಿದೋನು ನಾನೇ."

ಅವರು ಹಳೆಯ ಫೈಲು ನನ್ನತ್ತ ತಿರುಗಿಸಿದರು. ಅಫಿಡವಿಟ್ಟಿನ ಕೆಳಗೆ ನನ್ನದೇ ರುಜು. "ಬೇರೆ ವಾರಸುದಾರರು ಯಾರೂ ಇಲ್ಲ ಅಂತ ನೀವೇ ಪ್ರಮಾಣ ಮಾಡಿದೀರಲ್ಲ ಸಾರ್. ಈಗ ನಿಮ್ ಮಾತು ಹೆಂಗೆ ನಂಬ್ಲಿ?"

ಬಸ್ಸು ಹತ್ತಿ ವಾಪಸು ಬಂದೆ. ಕಾಗದವನ್ನು ಮತ್ತೆ ಕವರಿಗೆ ಹಾಕಿ, ಬೀರುವಿನಲ್ಲಿಟ್ಟೆ. ಅವಳ ಹೆಸರು ಕೆಂಪಮ್ಮ. ನಮ್ಮಪ್ಪನ ಹೆಂಡತಿ. ಇಲ್ಲಿ ಬರೆದರೆ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ, ಗೊತ್ತು.